ಗಲಾಪಗೋಸ್ ಹಡಗುಯಾನ: ಹಾದಿ ಮೊದಲು ಆರಿಸಿ, ಹಡಗು ಆಮೇಲೆ

ಗಲಾಪಗೋಸ್‌ಗೆ ಹೊರಡಲು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ನೋಡುವುದು ಹಡಗಿನ ಫೋಟೊಗಳನ್ನು. ಕೋಣೆ ಎಷ್ಟು ದೊಡ್ಡದು, ಬಾಲ್ಕನಿ ಇದೆಯೆ, ಊಟದ ಹಾಲ್ ಹೇಗಿದೆ ಎಂದು ಹೋಲಿಸಿ ಮುಂಗಡ ಕಟ್ಟಿಬಿಡುತ್ತಾರೆ. ಆ ಹಡಗು ಯಾವ ಯಾವ ದ್ವೀಪಕ್ಕೆ ಹೋಗುತ್ತದೆ ಎಂದು ವಿಚಾರಿಸುವುದು ಆಮೇಲೆ. ಇದು ತಿರುಗುಮುರುಗಾದ ಕ್ರಮ. ಇಲ್ಲಿ ಎಲ್ಲ ಪ್ರಾಣಿಗಳೂ ಎಲ್ಲ ದ್ವೀಪಗಳಲ್ಲಿ ಇರುವುದಿಲ್ಲ. ಹಾರಲಾರದ ನೀರುಕಾಗೆ ಫರ್ನಾಂದಿನಾ ಮತ್ತು ಇಸಾಬೆಲಾ ದ್ವೀಪದ ಉತ್ತರ ಮತ್ತು ಪಶ್ಚಿಮ ಕರಾವಳಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಗೂಡು ಮಾಡುವುದು ಬಹುಮಟ್ಟಿಗೆ ಎಸ್ಪನ್ಯೋಲಾದಲ್ಲಿ ಮಾತ್ರ. ಕೆಂಪುಗಾಲಿನ ಬೂಬಿ ಎಂಬ ಕಡಲಹಕ್ಕಿಯ ದೊಡ್ಡ ಸಂಸಾರ ಇರುವುದು ಜೆನೊವೇಸಾದಲ್ಲಿ. ಒಂದು ಈಶಾನ್ಯದ ಕಡೆ, ಒಂದು ಪಶ್ಚಿಮದಂಚಿಗೆ, ಒಂದು ಆಗ್ನೇಯದ ತುದಿಗೆ ಎಂಬಂತೆ ದ್ವೀಪಗಳು ಚದುರಿರುವುದರಿಂದ ಮೂರನ್ನೂ ಒಂದೇ ವಾರದಲ್ಲಿ ಮುಗಿಸುವ ಹಡಗು ಅಪರೂಪ.

ಈಕ್ವೆಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿ.ಮೀ. ದೂರದಲ್ಲಿ, ಸಮಭಾಜಕ ವೃತ್ತದ ಎರಡೂ ಬದಿಗೆ ಈ ದ್ವೀಪಗಳಿವೆ. ಜ್ವಾಲಾಮುಖಿಯಿಂದ ಎದ್ದ ನೆಲ; ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿರಲಿಲ್ಲ. ನೆಲದ ಶೇ 97ರಷ್ಟು 1959ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಜನರಿರುವ ಊರುಗಳು ಬೆರಳೆಣಿಕೆ. ಹಾಗಾಗಿ ದೂರದ ದ್ವೀಪಗಳನ್ನು ನೋಡಬೇಕೆಂದರೆ ರಾತ್ರಿ ಮಲಗಿರುವಾಗ ಸಾಗಿ, ಬೆಳಗಾಗುವ ಹೊತ್ತಿಗೆ ಲಂಗರು ಹಾಕುವ ಹಡಗೇ ಸರಿಯಾದ ದಾರಿ. ಊರಿನಲ್ಲಿ ಹೋಟೆಲ್ ಹಿಡಿದು ದಿನಕ್ಕೊಂದು ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರುವುದು ಅಗ್ಗ, ನಿಜ. ಆದರೆ ಫರ್ನಾಂದಿನಾ, ಜೆನೊವೇಸಾ ಅಷ್ಟು ಹೊತ್ತಿನಲ್ಲಿ ಹೋಗಿಬರುವ ಜಾಗಗಳಲ್ಲ.

ಹಾದಿ ಆರಿಸುವುದು

ಹಡಗು ತನಗೆ ತೋಚಿದ ಕಡೆ ಹೋಗುವಂತಿಲ್ಲ. ಪ್ರತಿ ಹಡಗಿನ ಹಾದಿಯನ್ನೂ ಉದ್ಯಾನದ ಆಡಳಿತವೇ ಗೊತ್ತು ಮಾಡುತ್ತದೆ. 2012ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಹಡಗೊಂದು ಒಂದೇ ತಾಣಕ್ಕೆ ಹದಿನಾಲ್ಕು ದಿನದೊಳಗೆ ಎರಡನೇ ಸಲ ಹೋಗಬಾರದು. ಹೀಗಾಗಿ ಹೆಚ್ಚಿನ ಹಡಗುಗಳು ಹದಿನೈದು ದಿನದ ಒಂದು ಸುತ್ತು ಇಟ್ಟುಕೊಂಡು, ಅದನ್ನು ಎರಡಾಗಿಯೋ ಮೂರು ನಾಲ್ಕಾಗಿಯೋ ತುಂಡು ಮಾಡಿ ಮಾರುತ್ತವೆ. ನೀವು ಕೊಳ್ಳುವುದು ಒಂದು ತುಂಡು. ಯಾವ ತುಂಡು ಎಂಬುದೇ ಪ್ರಶ್ನೆ.

ಪಶ್ಚಿಮದ ಹಾದಿಯಲ್ಲಿ ಇಸಾಬೆಲಾ ಮತ್ತು ಫರ್ನಾಂದಿನಾ ಮುಖ್ಯ. ಆಳದಿಂದ ಮೇಲೇಳುವ ಕ್ರಾಮ್‌ವೆಲ್ ಪ್ರವಾಹ ಇಲ್ಲಿನ ನೀರನ್ನು ತಣ್ಣಗಿಟ್ಟಿದೆ, ಮೀನಿಗೆ ಬರವಿಲ್ಲ. ಆದ್ದರಿಂದಲೇ ಸಮಭಾಜಕದ ಮೇಲೆ ಪೆಂಗ್ವಿನ್ ಬದುಕಿದೆ, ನೀರುಕಾಗೆ ಹಾರುವುದನ್ನೇ ಬಿಟ್ಟಿದೆ, ತಿಮಿಂಗಿಲ ಕಾಣುವ ಅವಕಾಶವೂ ಹೆಚ್ಚು. ಫರ್ನಾಂದಿನಾದ ಪುಂತಾ ಎಸ್ಪಿನೋಸಾದಲ್ಲಿ ಕಡಲ ಇಗ್ವಾನಾ ಎಂಬ ದೊಡ್ಡ ಓತಿಗಳು ಒಂದರ ಮೇಲೊಂದು ರಾಶಿ ಬಿದ್ದಿರುತ್ತವೆ. ಹೊಸ ಲಾವಾ ನೆಲ ನೋಡಬೇಕೆನ್ನುವವರಿಗೂ ಇದೇ ಹಾದಿ. ಫರ್ನಾಂದಿನಾದ ಜ್ವಾಲಾಮುಖಿ 2024ರ ಮಾರ್ಚ್‌ನಲ್ಲಿ ಕೂಡ ಉಕ್ಕಿತ್ತು.

ಆಗ್ನೇಯದ ಹಾದಿಯಲ್ಲಿ ಎಸ್ಪನ್ಯೋಲಾ, ಫ್ಲೊರೆಯಾನಾ, ಸಾನ್ ಕ್ರಿಸ್ತೋಬಾಲ್ ಬರುತ್ತವೆ. ಎಸ್ಪನ್ಯೋಲಾದ ಪುಂತಾ ಸುವಾರೆಸ್ ಒಂದೇ ತಾಣಕ್ಕಾಗಿ ಈ ಹಾದಿ ಹಿಡಿದರೂ ಸರಿ: ಬಂಡೆಯಂಚಿನವರೆಗೆ ನಡೆದುಹೋಗಿ ಅಲ್ಲಿಂದ ಗಾಳಿಗೆ ಬೀಳುವ ಆಲ್ಬಟ್ರಾಸ್, ಮೈಮೇಲೆ ಕೆಂಪು-ಹಸಿರು ಹೊದ್ದ ಇಗ್ವಾನಾ, ಕಾಲುದಾರಿಯ ಮಧ್ಯದಲ್ಲೇ ಮೊಟ್ಟೆ ಇಟ್ಟು ಕೂತ ನೀಲಿಗಾಲಿನ ಬೂಬಿ. ಉತ್ತರದ ಜೆನೊವೇಸಾ ಹಕ್ಕಿ ಹುಚ್ಚಿನವರ ದ್ವೀಪ. ಕೆಂಪುಗಾಲಿನ ಬೂಬಿ ಮರದ ಕೊಂಬೆಯ ಮೇಲೆ ಗೂಡು ಕಟ್ಟುವುದನ್ನೂ, ಗಿಡ್ಡಗಿವಿಯ ಗೂಬೆ ಹಾಡಹಗಲೇ ಬೇಟೆಯಾಡುವುದನ್ನೂ ಅಲ್ಲಿ ನೋಡಬಹುದು.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ: ಏಪ್ರಿಲ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗಾದರೆ ಎಸ್ಪನ್ಯೋಲಾ ಇರುವ ಹಾದಿ, ಉಳಿದ ತಿಂಗಳುಗಳಲ್ಲಿ ಪಶ್ಚಿಮದ ಹಾದಿ. ಆಲ್ಬಟ್ರಾಸ್ ಜನವರಿಯಿಂದ ಮಾರ್ಚ್‌ವರೆಗೆ ಕಡಲ ಮೇಲೇ ಇರುತ್ತದೆ, ದ್ವೀಪ ಬರಿದಾಗಿರುತ್ತದೆ.

ದಿನಗಳ ಲೆಕ್ಕದಲ್ಲಿ ಒಂದು ಎಚ್ಚರಿಕೆ. ‘8 ದಿನ’ ಎಂದು ಬರೆದಿದ್ದರೆ ಏಳು ರಾತ್ರಿ, ಪೂರ್ತಿ ದಿನಗಳು ಆರು. ಮೊದಲ ದಿನ ಮಧ್ಯಾಹ್ನ ಹತ್ತುತ್ತೀರಿ, ಕೊನೆಯ ದಿನ ಬೆಳಿಗ್ಗೆಯೇ ಇಳಿಸುತ್ತಾರೆ. ‘4 ದಿನ’ದ ಪ್ರವಾಸದಲ್ಲಿ ಪೂರ್ತಿ ದಿನಗಳು ಎರಡೇ. ಇಷ್ಟು ದೂರ ಬಂದು ನಾಲ್ಕು ದಿನದ ತುಂಡು ಕೊಳ್ಳುವುದು ಹಣಕ್ಕೂ ಆಯಾಸಕ್ಕೂ ಸರಿಹೋಗದು. ಮತ್ತೊಂದು: ಕೆಲವು ಎಂಟು ದಿನದ ಯಾನಗಳು ನಾಲ್ಕು ಮತ್ತು ಐದು ದಿನದ ಎರಡು ತುಂಡುಗಳನ್ನು ಹೊಲಿದು ಮಾಡಿದವು. ನಡುವೆ ಅರ್ಧ ದಿನ ವಿಮಾನ ನಿಲ್ದಾಣದ ಬಳಿ ಹಳಬರನ್ನು ಇಳಿಸಿ ಹೊಸಬರನ್ನು ಹತ್ತಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ದಿನವಾರು ಪಟ್ಟಿ ಕೇಳಿ ಪಡೆದು, ಬೆಳಗಿನ ತಾಣ ಮತ್ತು ಮಧ್ಯಾಹ್ನದ ತಾಣ ಎರಡನ್ನೂ ಓದಿ. ಬರೀ ದ್ವೀಪದ ಹೆಸರು ಸಾಲದು. ‘ಇಸಾಬೆಲಾ’ ಎಂದರೆ ದಕ್ಷಿಣದ ಊರೂ ಆಗಬಹುದು, ಪಶ್ಚಿಮದ ಟಾಗಸ್ ಕೋವ್ ಕೂಡ ಆಗಬಹುದು. ನೀರುಕಾಗೆ ಸಿಗುವುದು ಎರಡನೆಯದರ ಕಡೆ.

ತಿಂಗಳು ಮತ್ತು ಕಡಲು

ಸಮಭಾಜಕದ ಮೇಲಿದ್ದರೂ ಇಲ್ಲಿ ಎರಡು ಕಾಲಗಳಿವೆ. ಡಿಸೆಂಬರ್‌ನಿಂದ ಮೇವರೆಗೆ ಬಿಸಿಲು, ಆಗಾಗ ಜೋರು ಮಳೆ, ಶಾಂತ ಕಡಲು. ನೀರು 24–26 ಡಿಗ್ರಿ. ಆಮೆಗಳು ದಡಕ್ಕೆ ಬಂದು ಮೊಟ್ಟೆ ಇಡುವ ಕಾಲವೂ ಹೌದು. ಜೂನ್‌ನಿಂದ ನವೆಂಬರ್‌ವರೆಗೆ ದಕ್ಷಿಣದಿಂದ ಹಂಬೋಲ್ಟ್ ಪ್ರವಾಹದ ತಣ್ಣೀರು ಬರುತ್ತದೆ. ಆಕಾಶ ಮೋಡ, ಗಾರುವಾ ಎಂದು ಕರೆಯುವ ತುಂತುರು ಮಳೆ, ನೀರು 18–22 ಡಿಗ್ರಿ, ಪಶ್ಚಿಮದಲ್ಲಿ ಇನ್ನೂ ತಣ್ಣಗೆ. ಕಡಲಲ್ಲಿ ಮೇವು ಹೆಚ್ಚುವುದರಿಂದ ಹಕ್ಕಿಗಳು ಮರಿ ಮಾಡುವ ಭರ ಹೆಚ್ಚು. ಕಡಲ ಸಿಂಹಗಳ ಎಳೆಮರಿಗಳು ಕಾಣುವುದೂ ಆಗಸ್ಟ್‌ನಿಂದಾಚೆಗೆ. ಆದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲೆ ಜೋರು. ವಾಂತಿಗೆ ಹೆದರುವವರು ಸೆಪ್ಟೆಂಬರ್ ಬಿಡುವುದು ಒಳ್ಳೆಯದು. ಅನೇಕ ಹಡಗುಗಳು ವರ್ಷದ ದುರಸ್ತಿಗೆ ಹೋಗುವುದೂ ಆ ತಿಂಗಳಲ್ಲೇ.

ಪೆಸಿಫಿಕ್ ಕಡಲಿನ ನೀರು ಬಿಸಿಯೇರುವ ಎಲ್ ನಿನ್ಯೊ ಬಲವಾಗಿರುವ ವರ್ಷವಾದರೆ ಇನ್ನೊಮ್ಮೆ ಯೋಚಿಸಿ. ನೀರು ಬಿಸಿಯಾಗಿ ಪಾಚಿ ಸಾಯುತ್ತದೆ, ಮೀನು ಆಳಕ್ಕಿಳಿಯುತ್ತದೆ. 1982–83 ಮತ್ತು 1997–98ರಲ್ಲಿ ಪೆಂಗ್ವಿನ್, ಇಗ್ವಾನಾ, ಕಡಲ ಸಿಂಹಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಹಸಿವಿನ ವರ್ಷಗಳಲ್ಲಿ ಕಡಲ ಇಗ್ವಾನಾದ ದೇಹದ ಉದ್ದವೇ ಕುಗ್ಗಿ, ಮೇವು ಬಂದ ಮೇಲೆ ಮತ್ತೆ ಬೆಳೆಯುತ್ತದೆ.

ಹಡಗು, ಕೋಣೆ

ನೂರು ಜನಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಇಲ್ಲಿ ಅನುಮತಿ ಇಲ್ಲ. ಹೆಚ್ಚಿನವು ಹದಿನಾರು ಜನರವು, ಏಕೆಂದರೆ ಒಬ್ಬ ಗೈಡ್‌ಗೆ ಹದಿನಾರು ಜನ ಎಂಬುದು ಮಿತಿ. ಗೈಡ್ ಇಲ್ಲದೆ ದಡಕ್ಕೆ ಕಾಲಿಡುವಂತಿಲ್ಲ. ಅವರು ಉದ್ಯಾನದ ಪರವಾನಗಿ ಪಡೆದವರೇ ಆಗಿರಬೇಕು. ಹದಿನಾರರ ಹಡಗಿನಲ್ಲಿ ಎಲ್ಲರೂ ಹತ್ತು ನಿಮಿಷದಲ್ಲಿ ದಡ ಸೇರುತ್ತಾರೆ. ನೂರರ ಹಡಗಿನಲ್ಲಿ ಗುಂಪು ಗುಂಪಾಗಿ ಕಾಯಬೇಕು. ಆದರೆ ಅದು ಕಡಿಮೆ ತೊನೆಯುತ್ತದೆ, ಸಾಮಾನ್ಯವಾಗಿ ವೈದ್ಯರೂ ಇರುತ್ತಾರೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ದೊಡ್ಡದನ್ನೇ ನೋಡಲಿ.

ಹೊಟ್ಟೆ ತೊಳಸುವ ಸ್ವಭಾವದವರಿಗೆ ಕೆಳಗಿನ ಅಟ್ಟದಲ್ಲಿ, ಹಡಗಿನ ನಡುಭಾಗದ ಕೋಣೆ ಒಳ್ಳೆಯದು. ತೊಟ್ಟಿಲ ಹಗ್ಗ ಕಟ್ಟಿದ ಜಾಗದಂತೆ ಅಲ್ಲಿ ಓಲಾಟ ಕಡಿಮೆ. ಮೇಲಿನ ಅಟ್ಟದ ದುಬಾರಿ ಕೋಣೆಗಳೇ ಹೆಚ್ಚು ತೂಗುತ್ತವೆ. ಕೆಳಗಿನ ಕೋಣೆಯ ತೊಂದರೆ ಎಂಜಿನ್ ಸದ್ದು. ಹತ್ತಿ ಅಥವಾ ಮೇಣದ ಕಿವಿಬೆಣೆ ಜೊತೆಗಿರಲಿ. ಎರಡು ಹೊಟ್ಟೆಯ ಕ್ಯಾಟಮರಾನ್ ಪಕ್ಕಕ್ಕೆ ಅಷ್ಟಾಗಿ ವಾಲುವುದಿಲ್ಲ. ಎದುರಲೆಯಲ್ಲಿ ಮಾತ್ರ ಅಡಿ ದಡಬಡ ಬಡಿಯುತ್ತದೆ.

ದರ ಹಡಗಿನ ದರ್ಜೆಯ ಮೇಲೆ ಹೋಗುತ್ತದೆ. ಒಬ್ಬರೇ ಒಂದು ಕೋಣೆ ಬೇಕೆಂದರೆ ಅರ್ಧದಿಂದ ಪೂರ್ತಿ ಇನ್ನೊಂದು ಟಿಕೆಟ್‌ನಷ್ಟು ಹೆಚ್ಚು ಕೇಳುವುದು ವಾಡಿಕೆ. ಮುಂಗಡ ಕಟ್ಟುವ ಮೊದಲು ಕೇಳಬೇಕಾದ್ದು: ಗೈಡ್ ಇಂಗ್ಲಿಷ್‌ನಲ್ಲಿ ಚೆನ್ನಾಗಿ ಮಾತಾಡುತ್ತಾರೆಯೆ, ವೆಟ್‌ಸೂಟ್ (ತಣ್ಣೀರಲ್ಲಿ ಮೈ ಬೆಚ್ಚಗಿಡುವ ಉಡುಪು) ಮತ್ತು ಸ್ನಾರ್ಕೆಲ್ (ಮುಖ ನೀರಲ್ಲಿಟ್ಟು ಉಸಿರಾಡುವ ಕೊಳವೆ) ಸಾಮಾನಿನ ಬಾಡಿಗೆ ದರದಲ್ಲಿ ಸೇರಿದೆಯೆ, ಉದ್ಯಾನದ ಶುಲ್ಕ ಸೇರಿದೆಯೆ. ಸಾಂತಾ ಕ್ರೂಸ್ ದ್ವೀಪದ ಪುಯೆರ್ತೊ ಅಯೋರಾ ಊರಿಗೇ ಹೋಗಿ ಕೊನೆ ಗಳಿಗೆಯ ಅಗ್ಗದ ಸೀಟು ಹಿಡಿಯಬಹುದು ಎಂಬ ಮಾತು ಕೈಯಲ್ಲಿ ವಾರಗಟ್ಟಲೆ ಬಿಡುವಿರುವ ಅಲೆಮಾರಿಗಳಿಗೆ ಸರಿ. ವೀಸಾ, ಹಿಂದಿರುಗುವ ಟಿಕೆಟ್ ಕಟ್ಟಿಕೊಂಡು ಬೆಂಗಳೂರಿನಿಂದ ಹೊರಟವರಿಗಲ್ಲ.

ಕಾಗದಪತ್ರ, ಲಸಿಕೆ, ವಿಮಾನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ 2019ರಿಂದ ಈಕ್ವೆಡಾರ್‌ಗೆ ಮುಂಚಿತ ವೀಸಾ ಬೇಕು. ರಾಯಭಾರ ಕಚೇರಿ ದೆಹಲಿಯಲ್ಲಿದೆ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸಲು ಮಾತ್ರವಾದರೂ ಅಮೆರಿಕದ ವೀಸಾ ಬೇಕೇ ಬೇಕು. ಯುರೋಪ್ ಮೂಲಕವಾದರೆ ಯಾವ ನಿಲ್ದಾಣದಲ್ಲಿ ಬದಲಿಸುತ್ತೀರಿ ಎಂಬುದರ ಮೇಲೆ ನಿಯಮ ಬೇರೆಯಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತಲೆನೋವು ಕಡಿಮೆ, ಮಯಾಮಿಯಂಥ ಊರುಗಳಿಂದ ಈಕ್ವೆಡಾರ್‌ಗೆ ನೇರ ವಿಮಾನವಿದೆ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಗಲಾಪಗೋಸ್‌ನಲ್ಲಿ ಆ ಜ್ವರವಿಲ್ಲ. ಆದರೆ ಈಕ್ವೆಡಾರ್ ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಲಸಿಕೆಯ ಪತ್ರವಿಲ್ಲದೆ ಅಲ್ಲಿಂದ ನೇರ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಪತ್ರ ಊರ್ಜಿತ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಒಂದು ತಿಂಗಳು ಮುಂಚೆ ಮುಗಿಸಿ.

ದ್ವೀಪಗಳಿಗೆ ವಿಮಾನ ಈಕ್ವೆಡಾರ್ ನೆಲದ ಕೀಟೊ ಅಥವಾ ಗ್ವಾಯಾಕಿಲ್ ನಗರದಿಂದ. ಇಳಿಯುವ ನಿಲ್ದಾಣಗಳು ಮುಖ್ಯವಾಗಿ ಎರಡು: ಬಾಲ್ಟ್ರಾ ಮತ್ತು ಸಾನ್ ಕ್ರಿಸ್ತೋಬಾಲ್. ಎರಡೂ ಬೇರೆ ಬೇರೆ ದ್ವೀಪ. ಕೆಲವು ಯಾನಗಳು ಒಂದರಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತವೆ. ಹೋಗಿಬರುವ ಟಿಕೆಟನ್ನು ಕಣ್ಣುಮುಚ್ಚಿ ಬಾಲ್ಟ್ರಾಗೇ ತೆಗೆದವರು ಕೊನೆಗೆ ಪರದಾಡುತ್ತಾರೆ. ಹಡಗಿನವರು ಬರವಣಿಗೆಯಲ್ಲಿ ಹೇಳುವವರೆಗೆ ಈ ಟಿಕೆಟ್ ಕೊಳ್ಳಬೇಡಿ.

ಯಾನ ಶುರುವಾಗುವ ಮುನ್ನ ಕನಿಷ್ಠ ಒಂದು ಪೂರ್ತಿ ದಿನ, ಸಾಧ್ಯವಾದರೆ ಎರಡು, ಕೀಟೊದಲ್ಲೋ ಗ್ವಾಯಾಕಿಲ್‌ನಲ್ಲೋ ಕಳೆಯಿರಿ. ನಿಮ್ಮ ಸಾಮಾನು ತಡವಾಗಿ ಬಂದರೆ ಹಡಗು ಕಾಯುವುದಿಲ್ಲ; ಮಾರನೇ ಬೆಳಗ್ಗೆ ಅದು ಎಲ್ಲೋ ನಡುಗಡಲಿನಾಚೆ ಇರುತ್ತದೆ. ಕೀಟೊ 2850 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಉಸಿರು ಕಟ್ಟಿದಂತಾಗುವುದುಂಟು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಕಡಲ ಮಟ್ಟದ ಗ್ವಾಯಾಕಿಲ್ ಆರಿಸಬಹುದು, ಆದರೆ ಅಲ್ಲಿ ಕಳ್ಳಕಾಕರ ಹಾವಳಿ ಹೆಚ್ಚಿರುವುದರಿಂದ ನಿಲ್ದಾಣದ ಹತ್ತಿರದ ಹೋಟೆಲ್‌ನಲ್ಲೇ ಉಳಿಯಿರಿ, ರಾತ್ರಿ ಸುತ್ತಾಟ ಬೇಡ.

ದ್ವೀಪದ ವಿಮಾನ ಹತ್ತುವ ದಿನದ ಕ್ರಮ ಹೀಗೆ. ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ.

1. ಮೊದಲು ಟಿಸಿಟಿ ಎಂಬ ಪ್ರವಾಸಿ ಕಾರ್ಡ್‌ನ ಕೌಂಟರ್. ಆನ್‌ಲೈನ್‌ನಲ್ಲಿ ಮೊದಲೇ ವಿವರ ತುಂಬಿರಬೇಕು. 20 ಡಾಲರ್ ಕಟ್ಟಿ ಕಾರ್ಡ್ ಪಡೆಯಿರಿ. ಇದರ ಒಂದು ಭಾಗವನ್ನು ಮರಳುವಾಗ ಕೇಳುತ್ತಾರೆ, ಪಾಸ್‌ಪೋರ್ಟ್ ಒಳಗೇ ಇಡಿ.

2. ನಂತರ ಎಬಿಜಿ ಎಂಬ ಜೈವಿಕ ಸುರಕ್ಷತಾ ಸಂಸ್ಥೆಯ ತಪಾಸಣೆ. ಚೀಲಗಳನ್ನು ಸ್ಕ್ಯಾನ್ ಮಾಡಿ ಸೀಲ್ ಹಾಕುತ್ತಾರೆ. ಸೀಲ್ ಹಾಕಿದ ಮೇಲೆ ತೆರೆಯುವಂತಿಲ್ಲ. ಹಾಗಾಗಿ ಚಾರ್ಜರ್, ಮಾತ್ರೆಗಳನ್ನು ಮೊದಲೇ ಕೈಚೀಲಕ್ಕೆ ಹಾಕಿ.

3. ಇದಾದ ಮೇಲಷ್ಟೇ ವಿಮಾನದ ಚೆಕ್-ಇನ್. ನೇರವಾಗಿ ಇಲ್ಲಿಗೆ ಹೋಗಿ ಸಾಲಿನಲ್ಲಿ ನಿಂತರೆ ವಾಪಸ್ ಕಳಿಸುತ್ತಾರೆ.

4. ದ್ವೀಪದಲ್ಲಿ ಇಳಿದ ಮೇಲೆ ಉದ್ಯಾನದ ಪ್ರವೇಶ ಶುಲ್ಕ. 2024ರ ಆಗಸ್ಟ್‌ನಿಂದ ವಿದೇಶಿಯರಿಗೆ 200 ಡಾಲರ್, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 100. ನಗದು ಸಿದ್ಧವಾಗಿಟ್ಟುಕೊಳ್ಳಿ. ಈಕ್ವೆಡಾರ್‌ನಲ್ಲಿ 2000ನೇ ಇಸವಿಯಿಂದ ಅಮೆರಿಕದ ಡಾಲರೇ ನಾಣ್ಯ. ಹರಿದ, ಬರೆದ ನೋಟು ಬೇಡ, ಅಂಗಡಿಗಳಿಗೆ 20ಕ್ಕಿಂತ ದೊಡ್ಡ ನೋಟೂ ಬೇಡ.

ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ದ್ವೀಪಗಳು ಈಕ್ವೆಡಾರ್ ನೆಲಕ್ಕಿಂತ ಒಂದು ಗಂಟೆ, ನಮ್ಮೂರಿಗಿಂತ ಹನ್ನೊಂದೂವರೆ ಗಂಟೆ ಹಿಂದೆ.

ಚೀಲದಲ್ಲಿ ಬೀಜ ಇರಬಾರದು

ಎಬಿಜಿ ತಪಾಸಣೆ ಬರೀ ಶಾಸ್ತ್ರ ಎಂದು ತಿಳಿಯಬೇಡಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲಿಗೆ ಜಾಗವಿಲ್ಲದಂತಾದದ್ದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅದೇ ಲಂಟಾನ ಫ್ಲೊರೆಯಾನಾ ದ್ವೀಪದಲ್ಲೂ ಹಬ್ಬಿದೆ. ನಾವು ಹಿತ್ತಿಲಲ್ಲಿ ಪ್ರೀತಿಯಿಂದ ಬೆಳೆಸುವ ಸೀಬೆ ಗಿಡ ಅಲ್ಲಿನ ಎತ್ತರದ ನೆಲವನ್ನು ನುಂಗುತ್ತಿದೆ. ಸಾಂತಾ ಕ್ರೂಸ್‌ನಲ್ಲಿ, ಸೂರ್ಯಕಾಂತಿಯ ಬಳಗಕ್ಕೆ ಸೇರಿದ ಸ್ಕಲೇಸಿಯಾ ಮರಗಳ ಕಾಡನ್ನು ಬ್ಲ್ಯಾಕ್‌ಬೆರಿ ಮುಳ್ಳು ಮುಚ್ಚುತ್ತಿದೆ. ಹೊರಗಿನಿಂದ ತಂದ ಆಡುಗಳು ನೆಲದ ಮೇಲಿನ ದೈತ್ಯ ಆಮೆಗಳ ಮೇವನ್ನೆಲ್ಲ ತಿಂದು ಹಾಕಿದ್ದರಿಂದ ಇಸಾಬೆಲಾದ ಉತ್ತರ ಭಾಗ ಮತ್ತು ಸಾಂತಿಯಾಗೊದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಡುಗಳನ್ನು ತೆಗೆಯಬೇಕಾಯಿತು. ಪಿಂಟಾ ದ್ವೀಪದ ಆಮೆ ಸಂತತಿಯ ಕೊನೆಯದು, ‘ಒಂಟಿ ಜಾರ್ಜ್’ ಎಂದು ಹೆಸರಾದ ಗಂಡು, 2012ರ ಜೂನ್ 24ರಂದು ಸತ್ತಿತು. ಅದರೊಂದಿಗೆ ಆ ವಂಶ ಮುಗಿಯಿತು.

ಹಾಗಾಗಿ ಹೊರಡುವ ಮುನ್ನ ಬೂಟಿನ ಅಡಿಯ ಸಂದುಗಳನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು ಒಣಗಿಸಿ. ಪ್ಯಾಂಟಿನ ಮಡಿಕೆ, ಕಾಲುಚೀಲ, ಚೀಲದ ವೆಲ್ಕ್ರೊ ಪಟ್ಟಿ ಇವುಗಳಲ್ಲಿ ಉತ್ತರಾಣಿಯಂಥ ಅಂಟುಬೀಜ ಸಿಕ್ಕಿಕೊಂಡಿದೆಯೇ ನೋಡಿ ಕಿತ್ತುಹಾಕಿ. ಹಸಿ ಹಣ್ಣು, ತರಕಾರಿ, ಹೂವು, ಮಣ್ಣು, ಬಿತ್ತನೆ ಬೀಜ, ಹಸಿ ಮಾಂಸ ಯಾವುದೂ ಬೇಡ. ದೇವರ ಪ್ರಸಾದದ ಹೂವು, ಹಸಿಶುಂಠಿ, ಕರಿಬೇವಿನ ಕಡ್ಡಿ, ನೆನೆಸಲು ತಂದ ಇಡೀ ಹೆಸರುಕಾಳು ಇವೂ ಈ ಲೆಕ್ಕಕ್ಕೇ ಬರುತ್ತವೆ. ಚಟ್ನಿಪುಡಿ ಒಯ್ಯಲೇಬೇಕೆಂದರೆ ಕಂಪನಿಯ ಮುಚ್ಚಿದ, ಹೆಸರು ಅಚ್ಚಾದ ಪೊಟ್ಟಣವಿರಲಿ, ಕೇಳುವ ಮೊದಲೇ ತೋರಿಸಿ. ಮನೆಯಲ್ಲಿ ಡಬ್ಬಿಗೆ ತುಂಬಿದ್ದನ್ನು ತೆಗೆದುಹಾಕಿದರೆ ವಾದ ಮಾಡಬೇಡಿ.

ಉಳಿದಂತೆ ಸಾಮಾನು ಕಡಿಮೆ ಸಾಕು. ಕೋಣೆಯಲ್ಲಿ ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿರುವುದಿಲ್ಲ, ಮಡಚುವ ಬಟ್ಟೆಯ ಚೀಲ ತನ್ನಿ. ಲಾವಾ ಬಂಡೆ ಗಾಜಿನ ಚೂರಿನಂತಿರುವುದರಿಂದ ಹಿಡಿತವಿರುವ ಮುಚ್ಚಿದ ಬೂಟು, ನೀರಲ್ಲಿ ಇಳಿಯಲು ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್, ಗದ್ದಕ್ಕೆ ಕಟ್ಟುವ ದಾರವಿರುವ ಟೋಪಿ, ತುಂಬು ತೋಳಿನ ಅಂಗಿ, ಒಂದು ಲೀಟರ್ ಬಾಟಲಿ, ನೀರು ನುಗ್ಗದ ಸಣ್ಣ ಡ್ರೈ ಬ್ಯಾಗ್. ವಿದ್ಯುತ್ 110–120 ವೋಲ್ಟ್, ಚಪ್ಪಟೆ ಕಡ್ಡಿಯ ಅಮೆರಿಕದ ಪ್ಲಗ್. ಮೊಬೈಲ್, ಕ್ಯಾಮೆರಾ ಚಾರ್ಜರ್‌ಗೆ ಅಡಾಪ್ಟರ್ ಸಾಕು. ನಮ್ಮ 230 ವೋಲ್ಟಿನ ಕೆಟಲ್ ಅಲ್ಲಿ ಸರಿಯಾಗಿ ಕಾಯುವುದಿಲ್ಲ, ಬೆಂಕಿಯ ಭಯದಿಂದ ಹಡಗಿನವರು ಬಿಡುವುದೂ ಇಲ್ಲ.

ಹಡಗಿನ ದಿನಚರಿ, ಪಾಂಗಾ ಹತ್ತುವ ಬಗೆ

ಆರೂವರೆ ಏಳಕ್ಕೆ ತಿಂಡಿ, ಎಂಟರೊಳಗೆ ಮೊದಲ ಇಳಿತ, ಹತ್ತೂವರೆ ಸುಮಾರಿಗೆ ಸ್ನಾರ್ಕೆಲಿಂಗ್, ಊಟ, ಸ್ವಲ್ಪ ಮಲಗುವುದು, ಮಧ್ಯಾಹ್ನ ಮತ್ತೆ ನೀರು, ನಾಲ್ಕರ ಹೊತ್ತಿಗೆ ಇನ್ನೊಂದು ನಡಿಗೆ. ಸಂಜೆ ಆರಕ್ಕೆ ತಾಣಗಳು ಮುಚ್ಚುತ್ತವೆ. ಏಳರ ಸುಮಾರಿಗೆ ಗೈಡ್ ಮಾರನೇ ದಿನದ ವಿವರ ಹೇಳುತ್ತಾರೆ: ನೀರಿಗೇ ಇಳಿಯುವ ಒದ್ದೆ ಇಳಿತವೋ ಬಂಡೆಗೆ ಕಾಲಿಡುವ ಒಣ ಇಳಿತವೋ, ನಡಿಗೆ ಎಷ್ಟು, ನೀರು ಎಷ್ಟು ತಣ್ಣಗಿದೆ. ಇದನ್ನು ತಪ್ಪಿಸಿಕೊಂಡವರು ಮಾರನೇ ಬೆಳಗ್ಗೆ ತಪ್ಪು ಚಪ್ಪಲಿ ಹಾಕಿ ನಿಂತಿರುತ್ತಾರೆ.

ಹಡಗಿನಿಂದ ದಡಕ್ಕೆ ಒಯ್ಯುವ ರಬ್ಬರ್ ದೋಣಿಗೆ ಪಾಂಗಾ ಎಂದು ಹೆಸರು. ಗಾಯಗಳು ಹೆಚ್ಚಾಗಿ ಆಗುವುದು ಇದನ್ನು ಹತ್ತಿ ಇಳಿಯುವಾಗಲೇ. ಎರಡೂ ಕೈ ಖಾಲಿ ಇರಲಿ. ಕ್ಯಾಮೆರಾ ಚೀಲದೊಳಗೆ, ಚೀಲ ಬೆನ್ನಿಗೆ. ನಾವಿಕನ ಅಂಗೈ ಹಿಡಿಯಬೇಡಿ, ಮುಂಗೈ ಹಿಡಿಯಿರಿ, ಅವರೂ ನಿಮ್ಮ ಮುಂಗೈ ಹಿಡಿಯುತ್ತಾರೆ. ಒದ್ದೆ ಅಂಗೈ ಜಾರುತ್ತದೆ, ಮುಂಗೈ ಜಾರಿದರೂ ಮಣಿಕಟ್ಟಿನಲ್ಲಿ ನಿಲ್ಲುತ್ತದೆ. ಅಲೆ ದೋಣಿಯನ್ನು ಮೇಲೆತ್ತಿದಾಗ, ನಾವಿಕ ಹೇಳಿದಾಗ ಮಾತ್ರ ಹೆಜ್ಜೆ. ಹಾರಬಾರದು. ಒಬ್ಬರು ನಿಂತಿದ್ದರೆ ಉಳಿದವರೆಲ್ಲ ಕುಳಿತಿರಬೇಕು.

ಒದ್ದೆ ಇಳಿತದಲ್ಲಿ ದೋಣಿಯ ಅಂಚಿನ ಮೇಲೆ ಕೂತು, ಕಾಲನ್ನು ಹೊರಕ್ಕೆ ತಿರುಗಿಸಿ, ಮೊಣಕಾಲು ನೀರಿಗೆ ಜಾರಿ ಇಳಿಯುವುದು. ಮರಳಿನಲ್ಲಿ ಪಾದ ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ. ಮರಳಡಿ ಮಲಗಿದ ತೊರಕೆ ಮೀನು ಆ ಕಂಪನಕ್ಕೆ ಸರಿದುಹೋಗುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಒಣ ಇಳಿತದ ಬಂಡೆಗಳ ಮೇಲೆ ಹಸಿರು ಪಾಚಿ ಕಂಡ ಕಡೆ ಹೆಜ್ಜೆ ಬೇಡ.

ದಡದಲ್ಲಿ ಪ್ರಾಣಿಯಿಂದ ಎರಡು ಮೀಟರ್ ದೂರ, ಕಂಬ ನೆಟ್ಟ ದಾರಿ ಬಿಟ್ಟು ಹೊರಗಿಲ್ಲ, ತಿನಿಸು ಇಲ್ಲ, ಫ್ಲಾಶ್ ಇಲ್ಲ, ಡ್ರೋನ್ ಇಲ್ಲ. ಪ್ರಾಣಿಗಳಿಗೆ ನಮ್ಮ ಭಯವಿಲ್ಲದ್ದರಿಂದ ದೂರ ಕಾಯುವ ಹೊಣೆ ಪೂರ್ತಿ ನಮ್ಮದೇ. ಕಡಲ ಸಿಂಹದ ಮರಿ ತಾನಾಗಿ ಬಂದು ಕಾಲು ಮೂಸಿದರೂ ಮುಟ್ಟಬಾರದು; ತಾಯಿ ಮರಿಯನ್ನು ವಾಸನೆಯಿಂದ ಗುರುತಿಸುತ್ತದೆ. ದೊಡ್ಡ ಗಂಡು ಕಡಲ ಸಿಂಹಕ್ಕೂ ನೀರಿಗೂ ನಡುವೆ ಎಂದೂ ನಿಲ್ಲಬೇಡಿ. ಬೊಗಳುತ್ತ ನಿಮ್ಮ ಕಡೆ ಬಂದರೆ ಬೆನ್ನು ತಿರುಗಿಸಿ ಓಡದೆ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಇಗ್ವಾನಾ ಮೂಗಿನಿಂದ ಚಿಮ್ಮಿಸುವುದು ದೇಹದ ಹೆಚ್ಚಿನ ಉಪ್ಪನ್ನು. ಲೆನ್ಸ್ ಮೇಲೆ ಬಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಫೋಟೊಗೆ 100–400 ಮಿ.ಮೀ. ಲೆನ್ಸ್ ಧಾರಾಳವಾಯಿತು, ಎಷ್ಟೋ ಕಡೆ ಮೊಬೈಲೇ ಸಾಕು. ತೊಂದರೆ ಕೊಡುವುದು ಎಸಿ ಕೋಣೆ. ತಣ್ಣಗಿನ ಕ್ಯಾಮೆರಾವನ್ನು ಹೊರಗೆ ತಂದ ಕೂಡಲೇ ಗಾಜು ಮಂಜಾಗುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೀಲದೊಳಗಿಟ್ಟೇ ಹೊರಗಿರಿಸಿ.

ಈಜು ಬಾರದವರೂ ನೀರಿಗಿಳಿಯಬಹುದು

ನಮ್ಮಲ್ಲಿ ಅನೇಕರು ಇಷ್ಟು ಖರ್ಚು ಮಾಡಿ ಹೋಗಿ ಹಡಗಿನ ಅಟ್ಟದಲ್ಲೇ ಕೂತುಬಿಡುತ್ತಾರೆ. ಅದು ನಿಜಕ್ಕೂ ನಷ್ಟ. ಪೆಂಗ್ವಿನ್ ನೀರೊಳಗೆ ಬಾಣದಂತೆ ಹೋಗುವುದು, ಇಗ್ವಾನಾ ಬಂಡೆಗೆ ಉಗುರೂರಿ ಪಾಚಿ ಕೀಳುವುದು, ಹಸಿರಾಮೆ ಪಕ್ಕದಲ್ಲೇ ತೇಲಿಹೋಗುವುದು ಎಲ್ಲವೂ ನಡೆಯುವುದು ನೀರಿನಡಿ. ಪ್ರಯಾಣಕ್ಕೆ ಎರಡು ತಿಂಗಳಿರುವಾಗಲೇ ಊರಿನ ಈಜುಕೊಳದಲ್ಲಿ ಮಾಸ್ಕ್ ಮತ್ತು ಕೊಳವೆ ಹಾಕಿ, ಮುಖ ನೀರಲ್ಲಿಟ್ಟು ಬಾಯಿಂದ ಉಸಿರಾಡುವುದೊಂದನ್ನು ಕಲಿಯಿರಿ. ಐದಾರು ಸಲ ಮಾಡಿದರೆ ಗಾಬರಿ ಹೋಗುತ್ತದೆ. ಅಲ್ಲಿ ಲೈಫ್ ಜಾಕೆಟ್ ಹಾಕಿ, ಗೈಡ್ ಎಳೆಯುವ ಉಂಗುರ ಹಿಡಿದರೆ ಸಾಕು. ವೆಟ್‌ಸೂಟ್ ಕೂಡ ತೇಲಿಸುತ್ತದೆ. ಬೆಚ್ಚಗಿನ ತಿಂಗಳುಗಳಿಗೆ 3 ಮಿ.ಮೀ., ಜೂನ್–ನವೆಂಬರ್‌ಗೆ 5 ಮಿ.ಮೀ. ದಪ್ಪದ್ದು ಕೇಳಿ. ಮೊದಲ ಪಾಠ ಮರಳ ದಂಡೆಯಿಂದ ಶುರುವಾಗಲಿ, ಆಳದಲ್ಲಿ ದೋಣಿಯಿಂದ ಬೀಳುವುದು ಬೇಡ. ಸಾನ್ ಕ್ರಿಸ್ತೋಬಾಲ್ ಬಳಿಯ ಕಿಕ್ಕರ್ ರಾಕ್‌ನಲ್ಲಿ ಸೆಳೆತ ಜೋರು. ಅಲ್ಲಿ ಚೆನ್ನಾಗಿ ಈಜುವವರು ಮಾತ್ರ ಇಳಿಯಬೇಕು.

ಮಾಸ್ಕ್ ಸರಿಯಿದೆಯೆ ಎಂದು ತಿಳಿಯಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿ ನಿಂತರೆ ಸರಿ. ಮೀಸೆ ಇದ್ದವರಿಗೆ ಅಲ್ಲಿಂದಲೇ ನೀರು ಒಸರುತ್ತದೆ. ಮೀಸೆಯ ಮೇಲಂಚನ್ನು ಕತ್ತರಿಸಿ, ತುಸು ವ್ಯಾಸಲೀನ್ ಸವರಿ. ಪಟ್ಟಿ ಬಿಗಿ ಮಾಡಿದಷ್ಟೂ ಸೋರಿಕೆ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಗಾಜು ಮಂಜಾಗದಿರಲು ಒಳಗೆ ಒಂದು ಹನಿ ಮಕ್ಕಳ ಶಾಂಪೂ ಸವರಿ ತೊಳೆಯಿರಿ. ಕನ್ನಡಕದವರು ತಮ್ಮ ನಂಬರಿನ ಗಾಜಿರುವ ಮಾಸ್ಕನ್ನು ಊರಿನಿಂದಲೇ ಒಯ್ಯಲಿ.

ಹೊಟ್ಟೆಯ ವಿಚಾರ

ರಾತ್ರಿಯ ಉದ್ದದ ಸಾಗಾಟಗಳೇ ಹೊಟ್ಟೆ ತೊಳಸುವುದು, ಅದರಲ್ಲೂ ಎಸ್ಪನ್ಯೋಲಾ ಮತ್ತು ಜೆನೊವೇಸಾ ಕಡೆಗಿನವು. ಅವೊಮಿನ್ ಮಾತ್ರೆ ಕೆಲಸ ಮಾಡುವುದು ವಾಂತಿ ಶುರುವಾಗುವ ಮೊದಲು ತೆಗೆದುಕೊಂಡರೆ. ಲಂಗರು ಎತ್ತುವ ಒಂದೆರಡು ಗಂಟೆ ಮುಂಚೆ, ಅಂದರೆ ಊಟಕ್ಕೆ ಕೂರುವಾಗಲೇ ನುಂಗಿ. ನಿದ್ದೆ ಬರುತ್ತದೆ, ರಾತ್ರಿಗೆ ಅದೂ ಒಳ್ಳೆಯದೇ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಮೊಬೈಲ್ ನೋಡಬೇಡಿ, ಮೇಲೆ ಬಂದು ದಿಗಂತದ ಗೆರೆ ನೋಡಿ.

ಸಸ್ಯಾಹಾರಿಗಳು ಮುಂಗಡ ಕಟ್ಟುವಾಗಲೇ ಬರೆದು ತಿಳಿಸಬೇಕು. ಹಡಗು ಹೊರಟ ಮೇಲೆ ಅಂಗಡಿ ಇಲ್ಲ. ‘ಸಸ್ಯಾಹಾರಿ’ ಎಂಬ ಒಂದು ಮಾತು ಸಾಲದು. ಮೀನು ಬೇಡ, ಕೋಳಿ ಬೇಯಿಸಿದ ನೀರಿನ ಸೂಪ್ ಬೇಡ, ಮೊಟ್ಟೆ ನಡೆಯುತ್ತದೆ ಅಥವಾ ಇಲ್ಲ ಎಂದು ಬಿಡಿಬಿಡಿಯಾಗಿ ಹೇಳಿ. ಈಕ್ವೆಡಾರ್‌ನ ಅಡುಗೆ ನಮಗೆ ಅಷ್ಟೇನೂ ದೂರವಲ್ಲ: ಅನ್ನ, ಮೆನೆಸ್ತ್ರಾ ಎಂಬ ಬೇಳೆ–ಕಾಳಿನ ಗೊಜ್ಜು, ಪಾತಕೋನೆಸ್ ಎಂಬ ಕರಿದ ಬಾಳೆಕಾಯಿ, ಮರಗೆಣಸು, ಆಲೂಗಡ್ಡೆಯ ಸೂಪು. ಪಕ್ಕದಲ್ಲಿ ಅಹೀ ಎಂಬ ಮೆಣಸಿನ ಚಟ್ನಿ ಇದ್ದೇ ಇರುತ್ತದೆ. ಎರಡು ಮೂರು ದಿನದಲ್ಲಿ ಅಡುಗೆಯವರಿಗೆ ನಿಮ್ಮ ರುಚಿ ಗೊತ್ತಾಗುತ್ತದೆ, ಒಮ್ಮೆ ಅಡುಗೆಮನೆಗೆ ಹೋಗಿ ಮಾತಾಡಿಸಿ.

ಕೊನೆಯ ಬೆಳಗು

ಕೊನೆಯ ರಾತ್ರಿಯೇ ಚೀಲ ಕಟ್ಟಿ, ಬೆಳಿಗ್ಗೆ ಸಮಯ ಸಿಗುವುದಿಲ್ಲ. ಗೈಡ್‌ಗೆ ಬೇರೆ, ಉಳಿದ ಸಿಬ್ಬಂದಿಗೆ ಬೇರೆ ಲಕೋಟೆಯಲ್ಲಿ ಟಿಪ್ಸ್ ಇಡುವುದು ಅಲ್ಲಿನ ರೂಢಿ. ಹಣವನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಹಡಗಿನಲ್ಲಿ ಎಟಿಎಂ ಇಲ್ಲ. ಚಿಪ್ಪು, ಮರಳು, ಲಾವಾ ಕಲ್ಲು, ಗರಿ ಯಾವುದನ್ನೂ ಒಯ್ಯುವಂತಿಲ್ಲ, ಮರಳುವಾಗಲೂ ಚೀಲ ನೋಡುತ್ತಾರೆ. ಮಕ್ಕಳ ಜೇಬನ್ನೂ ಒಮ್ಮೆ ತಡವಿ.

ಬಾಲ್ಟ್ರಾದಲ್ಲಿ ಮುಗಿಯುವ ಅನೇಕ ಹಾದಿಗಳಲ್ಲಿ ಕೊನೆಯ ದಿನ ಆರು ಗಂಟೆಗೇ, ತಿಂಡಿಗೂ ಮುಂಚೆ, ಸಾಂತಾ ಕ್ರೂಸ್‌ನ ಉತ್ತರ ದಂಡೆಯ ಕರಿಯಾಮೆ ಕೊಲ್ಲಿಗೆ ಪಾಂಗಾ ಹೋಗುತ್ತದೆ. ಸಾಮಾನು ಕಟ್ಟಬೇಕೆಂದು ಇದನ್ನು ಬಿಡಬೇಡಿ. ಇಲ್ಲಿ ದಡಕ್ಕಿಳಿಯುವುದಿಲ್ಲ, ನೀರಿಗೂ ಇಳಿಯುವುದಿಲ್ಲ. ಕಾಂಡ್ಲಾ ಗಿಡಗಳ ನಡುವೆ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಾರೆ. ಸೂರ್ಯ ಇನ್ನೂ ಓರೆಯಿರುವುದರಿಂದ ನೀರಿನ ಮೇಲೆ ಹೊಳಪು ಬೀಳುತ್ತದೆ; ಪೋಲರೈಸ್ಡ್ ಕನ್ನಡಕ ಹಾಕಿ ನೆರಳಿನ ಬದಿಗೆ ಕೂತರೆ ಕೆಳಗೆ ಸಾಲಾಗಿ ಹೋಗುವ ತೊರಕೆಗಳೂ, ಬಿಳಿತುದಿಯ ಶಾರ್ಕ್‌ಗಳೂ ಕಾಣುತ್ತವೆ. ಆಮೆ ಉಸಿರಿಗೆ ಮೇಲೆ ಬರುವಾಗ ಮೊದಲು ಒಂದು ಸಣ್ಣ ನಿಟ್ಟುಸಿರಿನ ಸದ್ದು ಕೇಳುತ್ತದೆ, ಮಾತು ನಿಲ್ಲಿಸಿದ್ದರೆ.